ಶನಿವಾರ ಮಧ್ಯಾಹ್ನದ ಓಟಗಾರರು

ಲಂಡನ್ನಿನ ಮಿನ್ಸಿಂಗ್ ಲೇನ್ ಒಂದು ಕಾಲಕ್ಕೆ ಜಗತ್ತಿನ ಚಹಾ ವ್ಯಾಪಾರವನ್ನೆಲ್ಲ ಆಳಿದ ಬೀದಿ. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಮುಗಿದ 1834ರ ನಂತರ ಚಹಾ ಹರಾಜು ಇಲ್ಲಿಗೆ ಬಂತು. ಸಾಂಬಾರ ಪದಾರ್ಥಗಳ ದಲ್ಲಾಳಿಗಳೂ ಇಲ್ಲೇ ಮಳಿಗೆ ಹಿಡಿದರು. ದಲ್ಲಾಳಿ ಇದ್ದಲ್ಲಿ ಗುಮಾಸ್ತ ಇರಲೇಬೇಕಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತಲ್ಲೇ ಕೂತು, ಎಲ್ಲೋ ಬೆಳೆದ ಏಲಕ್ಕಿ, ಮೆಣಸು, ಚಹಾ ಸೊಪ್ಪಿನ ಲೆಕ್ಕವನ್ನು ದಪ್ಪ ಪುಸ್ತಕಗಳಿಗೆ ಇಳಿಸುವ ಹುಡುಗರು ಆ ಬೀದಿಯ ತುಂಬ ಇದ್ದರು. 1863ರಲ್ಲಿ ಇಲ್ಲಿನ ಕಚೇರಿಗಳವರೇ ಸೇರಿ ಒಂದು ಕ್ರೀಡಾ ಸಂಘ ಕಟ್ಟಿಕೊಂಡರು. ಅದರ ಹೆಸರು ಮಿನ್ಸಿಂಗ್ ಲೇನ್ ಅಥ್ಲೆಟಿಕ್ ಕ್ಲಬ್. ಮೂರು ವರ್ಷ ಕಳೆಯುವಷ್ಟರಲ್ಲಿ ಅದು ಲಂಡನ್ ಅಥ್ಲೆಟಿಕ್ ಕ್ಲಬ್ ಎಂಬ ದೊಡ್ಡ ಹೆಸರಿಗೆ ಬಡ್ತಿ ಪಡೆಯಿತು.

ದೂರದ ಓಟದ ಚರಿತ್ರೆ ಹೇಳುವವರು ಬಹುತೇಕ ಮ್ಯಾರಥಾನ್ ಬಯಲಿನ ಗ್ರೀಕ್ ದೂತನಿಂದ ಶುರುಮಾಡುತ್ತಾರೆ. ಗೆಲುವಿನ ಸುದ್ದಿ ಹೇಳಿ ಪ್ರಾಣಬಿಟ್ಟವನ ಕತೆ ರೋಚಕವೇನೋ ಹೌದು. ಆದರೆ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುವ ಬ್ಯಾಂಕ್ ನೌಕರನಿಗೂ ಆ ದೂತನಿಗೂ ನೆಂಟಸ್ತಿಕೆ ಕಡಿಮೆ. ಸಂಬಳ ಕೊಡುವವರಿಲ್ಲದೆ, ಬಹುಮಾನದ ಆಸೆಯಿಲ್ಲದೆ, ಹತ್ತು ಹದಿನೈದು ಕಿಲೋಮೀಟರ್ ಓಡಿ ಬೆವರು ಒರೆಸಿಕೊಂಡು, ಮತ್ತೆ ಮುಂದಿನ ವಾರಕ್ಕೆ ಕಾಯುವ ಈ ವಿಚಿತ್ರ ಅಭ್ಯಾಸದ ತವರುಮನೆ ಇಂಗ್ಲೆಂಡಿನ ಕಚೇರಿಗಳು.

ಅದಕ್ಕೆ ಮೊದಲು ಬೇಕಾಗಿದ್ದದ್ದು ಬಿಡುವು. 1850ರ ಕಾರ್ಖಾನೆ ಕಾಯ್ದೆಯ ಪ್ರಕಾರ ಜವಳಿ ಗಿರಣಿಗಳಲ್ಲಿ ಹೆಂಗಸರ ಮತ್ತು ಹರೆಯದ ಹುಡುಗರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕಾಯಿತು. ಅಂಗಡಿ, ಕಚೇರಿಗಳ ನೌಕರರೂ ತಮ್ಮ ಬಾಗಿಲು ಬೇಗ ಮುಚ್ಚಲಿ ಎಂದು 1840ರ ದಶಕದಿಂದಲೇ ಚಳವಳಿ ನಡೆಸುತ್ತಿದ್ದರು. ಶನಿವಾರದ ಅರ್ಧ ದಿನದ ರಜೆ ಹೀಗೆ ನಿಧಾನವಾಗಿ ಲಂಡನ್ನಿನ ವ್ಯಾಪಾರಿ ಕಚೇರಿಗಳಿಗೂ ಹಬ್ಬಿತು. ಭಾನುವಾರ ಚರ್ಚಿನ ಪಾಲು, ಆವತ್ತು ಮೈದಾನದಲ್ಲಿ ಕುಣಿದಾಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಹಾಗಾಗಿ ಗುಮಾಸ್ತನ ಕೈಗೆ ಸಿಕ್ಕಿದ್ದು ಶನಿವಾರದ ಆ ನಾಲ್ಕೈದು ಗಂಟೆ ಮಾತ್ರ. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳು ಶನಿವಾರ ಮಧ್ಯಾಹ್ನಕ್ಕೆ ಅಂಟಿಕೊಂಡಿದ್ದಕ್ಕೂ ಇದೇ ಕಾರಣ.

ಆದರೆ ದೂರದ ಓಟವನ್ನು ಗುಮಾಸ್ತರು ಹೊಸದಾಗಿ ಕಂಡುಹಿಡಿಯಲಿಲ್ಲ. ಅದು ಬಂದದ್ದು ಸಿರಿವಂತರ ಮಕ್ಕಳ ಶಾಲೆಗಳಿಂದ. ಶ್ರೂಸ್‌ಬರಿ ಶಾಲೆಯ ಹುಡುಗರು 19ನೇ ಶತಮಾನದ ಆರಂಭದಲ್ಲೇ ಮೊಲ ಮತ್ತು ಬೇಟೆನಾಯಿಯ ಆಟ ಆಡುತ್ತಿದ್ದರು. ಇಬ್ಬರು ‘ಮೊಲ’ಗಳು ಚೀಲದ ತುಂಬ ಹರಿದ ಕಾಗದದ ಚೂರು ತುಂಬಿಕೊಂಡು ಮೊದಲು ಹೊರಡುತ್ತಾರೆ, ದಾರಿಯುದ್ದಕ್ಕೂ ಚೂರು ಚೆಲ್ಲುತ್ತಾ ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಉಳಿದವರೆಲ್ಲ ‘ನಾಯಿ’ಗಳಾಗಿ ಆ ಜಾಡು ಹಿಡಿದು ಬೆನ್ನತ್ತುತ್ತಾರೆ. ಬೇಲಿ ಹಾರಬೇಕು, ಹಳ್ಳ ದಾಟಬೇಕು, ಉತ್ತ ಹೊಲದ ಕೆಸರಿನಲ್ಲಿ ಕಾಲು ಕೀಳಬೇಕು. ರಗ್ಬಿ ಶಾಲೆಯಲ್ಲೂ ಈ ಆಟವಿತ್ತು. 1857ರಲ್ಲಿ ಪ್ರಕಟವಾದ ಥಾಮಸ್ ಹ್ಯೂಸ್‌ನ ಶಾಲಾ ಕಾದಂಬರಿಯಿಂದಾಗಿ ಅದು ನಾಡಿಗೆಲ್ಲ ಪರಿಚಯವಾಯಿತು.

ಈ ಹುಡುಗಾಟವನ್ನು ದೊಡ್ಡವರ ಹವ್ಯಾಸವಾಗಿಸಿದವರಲ್ಲಿ ಮುಖ್ಯನಾದವ ಒಬ್ಬ ವಕೀಲ. ಅವನ ಹೆಸರು ವಾಲ್ಟರ್ ರೈ. ಥೇಮ್ಸ್ ನದಿಯಲ್ಲಿ ದೋಣಿ ಹುಟ್ಟುಹಾಕುವ ಕ್ಲಬ್ಬಿನವರು ಚಳಿಗಾಲದಲ್ಲಿ ಮೈ ಜಡ್ಡುಗಟ್ಟದಿರಲಿ ಎಂದು 1867ರ ಡಿಸೆಂಬರ್ 7ರಂದು ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಒಂದು ಓಟ ಇಟ್ಟರು. ಮರುವರ್ಷ ಅದರಿಂದಲೇ ರೈನ ಮುಂದಾಳ್ತನದಲ್ಲಿ ಥೇಮ್ಸ್ ಹೇರ್ ಅಂಡ್ ಹೌಂಡ್ಸ್ ಎಂಬ ಕ್ಲಬ್ ಹುಟ್ಟಿತು. ಬರೀ ಗುಡ್ಡಗಾಡಿನ ಓಟಕ್ಕೆಂದೇ ದೊಡ್ಡವರು ಕಟ್ಟಿಕೊಂಡ ಕ್ಲಬ್ಬುಗಳಲ್ಲಿ ಇದೇ ಹಳೆಯದು. ರೈಗೆ ಇನ್ನೊಂದು ಗೀಳೂ ಇತ್ತು. ಹಳೆಯ ದಾಖಲೆ, ವಂಶಾವಳಿ, ದಸ್ತಾವೇಜುಗಳೆಂದರೆ ಪ್ರಾಣ. ದಾಖಲೆ ಹುಡುಕುವುದು ಹೇಗೆ ಎಂಬುದರ ಮೇಲೇ ಪುಸ್ತಕ ಬರೆದ. ಕಾಗದದ ಚೂರು ಹಿಂಬಾಲಿಸುವ ಓಟದ ಬಗ್ಗೆಯೂ ಬರೆದ. ಮುಂದೆ ನಾರ್ವಿಚ್ ಊರಿನ ಮೇಯರ್ ಕೂಡ ಆದ. ಓಟದ ಜತೆ ಕಡತದ ಹುಚ್ಚನ್ನೂ ಇಟ್ಟುಕೊಂಡ ಈತ ಮುಂದಿನ ಒಂದೂವರೆ ಶತಮಾನದ ಓಟಗಾರರ ಸ್ವಭಾವವನ್ನು ಮೊದಲೇ ತೋರಿಸಿಬಿಟ್ಟ ಎನಿಸುತ್ತದೆ.

ರೈನ ಹಿಂದೆಯೇ ಕ್ಲಬ್ಬುಗಳು ಸಾಲುಗಟ್ಟಿದವು. 1869ರಲ್ಲಿ ಪೆಕಂನಲ್ಲಿ ಶುರುವಾದದ್ದು ಆಮೇಲೆ ಬ್ಲ್ಯಾಕ್‌ಹೀತ್ ಹ್ಯಾರಿಯರ್ಸ್ ಆಯಿತು. 1871ರಲ್ಲಿ ಸೌತ್ ಲಂಡನ್ ಹ್ಯಾರಿಯರ್ಸ್, 1877ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬರ್ಚ್‌ಫೀಲ್ಡ್ ಹ್ಯಾರಿಯರ್ಸ್ ಬಂದವು. ಕ್ಲಬ್ ಎಂದರೆ ದೊಡ್ಡ ಕಟ್ಟಡ, ಹುಲ್ಲುಹಾಸು ಎಂದೇನೂ ಅಲ್ಲ. ಊರಂಚಿನ ಒಂದು ಪಬ್ಬು ಸಾಕಿತ್ತು. ಥೇಮ್ಸ್‌ನವರಿಗೆ ರೋಹ್ಯಾಂಪ್ಟನ್ನಿನ ಕಿಂಗ್ಸ್ ಹೆಡ್, ಬ್ಲ್ಯಾಕ್‌ಹೀತ್‌ನವರಿಗೆ ಗ್ರೀನ್ ಮ್ಯಾನ್. ಅಲ್ಲಿ ಬಟ್ಟೆ ಬದಲಿಸಿ ಹೊರಡುವುದು, ಕೆಸರು ಮೆತ್ತಿಕೊಂಡು ಬಂದು ತೊಟ್ಟಿಯ ನೀರಿನಲ್ಲಿ ತೊಳೆದುಕೊಳ್ಳುವುದು, ಆಮೇಲೆ ಚಹಾ, ಹಾಡು. ಕ್ಲಬ್ಬಿನ ಓಟದಲ್ಲಿ ಒಂದು ಚೆಂದದ ಪದ್ಧತಿಯಿತ್ತು. ವೇಗದವರದೊಂದು ಗುಂಪು, ನಿಧಾನದವರದೊಂದು ಗುಂಪು. ದಾರಿಯ ಬಹುಪಾಲು ಗುಂಪಿನವರೆಲ್ಲ ಕೂಡಿಯೇ ಓಡಬೇಕು, ಮುಂದಾಳು ಹೇಳಿದ ವೇಗ ಮೀರುವಂತಿಲ್ಲ. ಪಬ್ಬು ಕಣ್ಣಿಗೆ ಬೀಳುವಷ್ಟು ಹತ್ತಿರವಾದ ಮೇಲೆ ಕಟ್ಟು ಬಿಚ್ಚುತ್ತಿದ್ದರು. ಆಗ ಯಾರಿಗೆ ಎಷ್ಟು ಕಸುವಿದೆಯೋ ಅಷ್ಟು.

ಇಷ್ಟೆಲ್ಲ ಸೊಗಸಿನ ಜತೆ ಒಂದು ಕೊಳಕೂ ಇತ್ತು. 1860ರ ದಶಕದ ಕೊನೆಗೆ ಬಂದ ಹವ್ಯಾಸಿ ನಿಯಮದಲ್ಲಿ ಯಂತ್ರ ಕೆಲಸದವರು, ಕುಶಲಕರ್ಮಿಗಳು, ಕೂಲಿಯವರು ‘ಹವ್ಯಾಸಿ’ ಎನಿಸಿಕೊಳ್ಳುವಂತಿರಲಿಲ್ಲ. ಮೈಮುರಿದು ದುಡಿಯುವವರಿಗೆ ಹೆಚ್ಚಿನ ಬಲವಿರುತ್ತದೆ, ಅದು ಅನ್ಯಾಯದ ಅನುಕೂಲ ಎಂಬುದು ನೆಪ. ಅವರೊಡನೆ ಭುಜ ತಾಗಿಸಿ ಓಡುವುದು ಬೇಡ ಎಂಬುದೇ ನಿಜ. ಲೇಖನಿ ಹಿಡಿದ ಗುಮಾಸ್ತನಿಗೆ ಈ ಬೇಲಿ ತಾಗಲಿಲ್ಲ. ಅವನ ಸಂಬಳ ಒಬ್ಬ ಒಳ್ಳೆಯ ಬಡಗಿಯದಕ್ಕಿಂತ ಹೆಚ್ಚೇನೂ ಇರಬೇಕಿರಲಿಲ್ಲ, ಆದರೆ ಕಾಲರ್ ಬಿಳಿಯದು. 1880ರ ಏಪ್ರಿಲ್‌ನಲ್ಲಿ ಆಕ್ಸ್‌ಫರ್ಡಿನ ಹೋಟೆಲೊಂದರಲ್ಲಿ ಸಭೆ ಸೇರಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದಾಗಲೇ ಆ ಬೇಲಿ ಬಿದ್ದದ್ದು. ಹೆಂಗಸರ ಮುಂದಿನ ಬೇಲಿ ಮಾತ್ರ ಇನ್ನೂ ಬಹುಕಾಲ ನಿಂತಿತ್ತು.

ಸಂಜೆ ಕಾಲೇಜುಗಳೂ ಓಟಗಾರರನ್ನು ಬೆಳೆಸಿದವು. ಹಗಲು ದುಡಿದು ರಾತ್ರಿ ಓದುವ ಹುಡುಗರಿಗೆಂದು ಕ್ವಿಂಟಿನ್ ಹಾಗ್ ರೀಜೆಂಟ್ ಸ್ಟ್ರೀಟಿನಲ್ಲಿ ನಡೆಸಿದ ಪಾಲಿಟೆಕ್ನಿಕ್ಕಿನಿಂದ ಪಾಲಿಟೆಕ್ನಿಕ್ ಹ್ಯಾರಿಯರ್ಸ್ ಬಂತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಮ್ಯಾರಥಾನ್ ದಾರಿ ಹಾಕಿ ಓಟ ನಡೆಸಿಕೊಟ್ಟದ್ದು ಇದೇ ಸಂಜೆ ಕಾಲೇಜಿನ ಸಂಘ. ಇಂದಿಗೂ ಜಗತ್ತಿನ ಮ್ಯಾರಥಾನುಗಳೆಲ್ಲ ಓಡುವ 42.195 ಕಿಲೋಮೀಟರ್ ದೂರ ಆ ದಾರಿಯದೇ. ಆ ದಿನ ಮೊದಲು ಗುರಿ ಮುಟ್ಟಿದ ಇಟಲಿಯ ಡೊರಾಂಡೊ ಪಿಯೆತ್ರಿ ಮಿಠಾಯಿ ಅಂಗಡಿಯಲ್ಲಿ ದುಡಿಯುತ್ತಿದ್ದವ. ಕುಸಿದು ಬಿದ್ದವನನ್ನು ಅಧಿಕಾರಿಗಳು ಎತ್ತಿ ನಡೆಸಿದ್ದಕ್ಕೆ ಅನರ್ಹನಾದ. ಚಿನ್ನ ಹೋದದ್ದು ಅಮೆರಿಕದ ಜಾನಿ ಹೇಯ್ಸ್‌ಗೆ. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರ ಗುಮಾಸ್ತ ಎಂದು ಪತ್ರಿಕೆಗಳು ಅವನನ್ನು ಕೊಂಡಾಡಿದವು, ಅಂಗಡಿಯ ತಾರಸಿಯ ಮೇಲೇ ಓಡಿ ಪಳಗಿದ ಎಂದೂ ಬರೆದವು. ಆ ಕತೆಯಲ್ಲಿ ಒಗ್ಗರಣೆಯೇ ಹೆಚ್ಚು. ಆದರೂ ಜನಕ್ಕೆ ಎಂಥ ವೀರ ಬೇಕಾಗಿದ್ದ ಎಂಬುದು ಅದರಿಂದ ತಿಳಿಯುತ್ತದೆ.

ಗುಮಾಸ್ತರು ಹೋದಲ್ಲೆಲ್ಲ ಓಟವೂ ಹೋಯಿತು. 1938ರಲ್ಲಿ ಕ್ವಾಲಾಲಂಪುರದಲ್ಲಿ ಆಲ್ಬರ್ಟ್ ಗಿಸ್ಪರ್ಟ್ ಎಂಬ ಲೆಕ್ಕಪರಿಶೋಧಕ ತನ್ನಂಥ ಬ್ರಿಟಿಷ್ ಕಂಪನಿ ನೌಕರರನ್ನು ಕೂಡಿಸಿ ಸೋಮವಾರ ಸಂಜೆ ರಬ್ಬರ್ ತೋಟಗಳ ನಡುವೆ ಕಾಗದದ ಜಾಡಿನ ಓಟ ಶುರುಮಾಡಿದ. ವಾರಾಂತ್ಯದ ಕುಡಿತದ ಅಮಲು ಇಳಿಸಿಕೊಳ್ಳುವುದು, ಓಡಿ ಮುಗಿದ ಮೇಲೆ ಮತ್ತೆ ಬಿಯರ್ ಕುಡಿಯುವುದು, ಎರಡೂ ಅದರ ಘೋಷಿತ ಉದ್ದೇಶಗಳು! ಗಿಸ್ಪರ್ಟ್ 1942ರಲ್ಲಿ ಸಿಂಗಪುರದ ಯುದ್ಧದಲ್ಲಿ ಸತ್ತ. ಅವನ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಇವತ್ತು ಜಗತ್ತಿನ ಬಹುತೇಕ ದೊಡ್ಡ ಊರುಗಳಲ್ಲಿದೆ.

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಲಂಡನ್ನಿನ ಪಕ್ಕದ ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಒಬ್ಬ ಗಣಿತಜ್ಞ ಕಂಪ್ಯೂಟರಿನ ನಕಾಶೆ ಬರೆಯುತ್ತಿದ್ದ. ಅಲನ್ ಟ್ಯೂರಿಂಗ್. ಅವನ ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ, ನೌಕರಿಯ ಮೊದಲ ವರ್ಷಗಳಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೂ ಕೆಲಸ ಮಾಡಿದ್ದವರು. ಟ್ಯೂರಿಂಗ್‌ಗೆ ಸರಕಾರಿ ಕಚೇರಿಯ ಸಭೆ, ಟಿಪ್ಪಣಿ, ವಿಳಂಬಗಳೆಂದರೆ ತಲೆಬಿಸಿ. ಸಂಜೆಯಾದರೆ ಓಡುತ್ತಿದ್ದ. ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರಕ್ಕೆ ಕೆಲಸದ ಮೇಲೆ ಹೋಗಬೇಕಾದಾಗಲೂ ಓಡಿಯೇ ಹೋಗುತ್ತಿದ್ದನಂತೆ. ಸ್ಥಳೀಯ ವಾಲ್ಟನ್ ಕ್ಲಬ್ಬಿನವರು ಅವನನ್ನು ಸೇರಿಸಿಕೊಂಡರು. 1947ರಲ್ಲಿ ಲಫ್‌ಬರೋದಲ್ಲಿ ನಡೆದ ರಾಷ್ಟ್ರೀಯ ಮ್ಯಾರಥಾನಿನಲ್ಲಿ 2 ಗಂಟೆ 46 ನಿಮಿಷ 3 ಸೆಕೆಂಡಿಗೆ ಐದನೆಯವನಾಗಿ ಬಂದ. ಮರುವರ್ಷದ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಬ್ರಿಟನ್ನಿನ ಟಾಮ್ ರಿಚರ್ಡ್ಸ್‌ನ ಕಾಲಕ್ಕೆ ಹೋಲಿಸಿದರೆ ಸುಮಾರು ಹನ್ನೊಂದು ನಿಮಿಷ ಮಾತ್ರ ಹೆಚ್ಚು. ತಲೆಗೆಲಸದ ಮನುಷ್ಯ ಎಂದು ಮೈಯನ್ನು ಮರೆತವನಲ್ಲ ಆತ.

ಅದೇ ಕಾಲದ ಜಿಮ್ ಪೀಟರ್ಸ್ ಕನ್ನಡಕದ ಅಂಗಡಿಯ ದೃಷ್ಟಿತಜ್ಞ. ದಿನವೆಲ್ಲ ಗಿರಾಕಿಗಳ ಕಣ್ಣು ನೋಡಿ, ಸಂಜೆ ಎಸೆಕ್ಸ್‌ನ ಬೀದಿಗಳಲ್ಲಿ ಓಡಿದವ. 1952ರಲ್ಲಿ ಪಾಲಿಟೆಕ್ನಿಕ್ ಮ್ಯಾರಥಾನನ್ನು 2 ಗಂಟೆ 20 ನಿಮಿಷ 42 ಸೆಕೆಂಡಿನಲ್ಲಿ ಮುಗಿಸಿ, ಆಗಿನ ಜಗತ್ತಿನ ಶ್ರೇಷ್ಠ ಕಾಲದಿಂದ ಹತ್ತಿರಹತ್ತಿರ ಐದು ನಿಮಿಷ ಕಡಿದುಹಾಕಿದ. 1954ರಲ್ಲಿ ವ್ಯಾಂಕೂವರಿನ ಬಿಸಿಲಲ್ಲಿ ಎಲ್ಲರಿಗಿಂತ ಬಹಳ ಮುಂದೆ ಕ್ರೀಡಾಂಗಣ ಹೊಕ್ಕು, ಮತ್ತೆ ಮತ್ತೆ ಬಿದ್ದು, ಗುರಿ ಮುಟ್ಟಲಾಗದೆ ಆಸ್ಪತ್ರೆ ಸೇರಿದ. ಮತ್ತೆಂದೂ ಮ್ಯಾರಥಾನ್ ಓಡಲಿಲ್ಲ. ಅಂಗಡಿ ನಡೆಸಿಕೊಂಡು ಹೋದ.

ಆದರೆ ನೌಕರಿ ಮತ್ತು ಓಟವನ್ನು ಒಂದೇ ನೊಗಕ್ಕೆ ಕಟ್ಟಿದವನೆಂದರೆ ರಾನ್ ಹಿಲ್. 1938ರಲ್ಲಿ ಲ್ಯಾಂಕಷೈರಿನ ಅಕ್ರಿಂಗ್ಟನ್ ಎಂಬ ಗಿರಣಿ ಊರಿನಲ್ಲಿ ಹುಟ್ಟಿದ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜವಳಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಕೋರ್ಟೋಲ್ಡ್ಸ್ ಎಂಬ ನೂಲು ಕಂಪನಿ ಸೇರಿದ. ಮನೆಯಲ್ಲಿ ಎಳೆಯ ಮಕ್ಕಳು, ಕಚೇರಿಯಲ್ಲಿ ಪೂರ್ತಿ ದಿನದ ಕೆಲಸ. ಅಭ್ಯಾಸಕ್ಕೆ ಸಮಯವೆಲ್ಲಿ? ಬೆಳಗ್ಗೆ ಮನೆಯಿಂದ ಕಚೇರಿಗೆ ಓಡಿದ, ಸಂಜೆ ಕಚೇರಿಯಿಂದ ಮನೆಗೆ ಓಡಿದ. ಬಸ್ಸಿನ ಕಾಸೂ ಉಳಿಯಿತು ಎಂದರೆ ಅತಿಶಯೋಕ್ತಿಯಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವನ ಓಟ ನಿರಾಸೆ ತಂದಿತು. ಆ ವರ್ಷದ ಡಿಸೆಂಬರ್‌ನಿಂದ ಒಂದು ದಿನವೂ ಬಿಡದೆ ಓಡತೊಡಗಿದ. 1969ರಲ್ಲಿ ಅಥೆನ್ಸಿನಲ್ಲಿ ಯುರೋಪ್ ಚಾಂಪಿಯನ್, 1970ರಲ್ಲಿ 2 ಗಂಟೆ 10 ನಿಮಿಷ 30 ಸೆಕೆಂಡಿಗೆ ಬಾಸ್ಟನ್ ಗೆಲುವು, ಅದೇ ವರ್ಷ ಎಡಿನ್‌ಬರೋದಲ್ಲಿ 2 ಗಂಟೆ 9 ನಿಮಿಷ 28 ಸೆಕೆಂಡಿಗೆ ಕಾಮನ್‌ವೆಲ್ತ್ ಚಿನ್ನ. ಜವಳಿ ವಿದ್ಯೆಯನ್ನೂ ವ್ಯರ್ಥಮಾಡಲಿಲ್ಲ. ಗಾಳಿಯಾಡುವ ಜಾಲರಿ ಬನಿಯನ್ನು, ಬೆವರು ಹಿಡಿದಿಡದ ನೂಲಿನ ಉಡುಪು ಎಂದು ಪ್ರಯೋಗ ಮಾಡಿ ಸ್ವಂತ ಕಂಪನಿಯನ್ನೇ ಕಟ್ಟಿದ.

ಪದಕಗಳ ಕಾಲ ಮುಗಿದರೂ ದಿನದ ಓಟ ನಿಲ್ಲಲಿಲ್ಲ. ಕಡೇಪಕ್ಷ ಒಂದು ಮೈಲಿ, ಇದು ಅವನೇ ಹಾಕಿಕೊಂಡ ಷರತ್ತು. ಕಾಲಿನ ಶಸ್ತ್ರಚಿಕಿತ್ಸೆಯಾದಾಗ ಊರುಗೋಲು ಹಿಡಿದು ಆ ಮೈಲಿ ಮುಗಿಸಿದ. 1993ರಲ್ಲಿ ಕಾರು ಅಪಘಾತದಲ್ಲಿ ಎದೆಯ ಮೂಳೆ ಮುರಿದಾಗಲೂ ಸಾಲು ತುಂಡಾಗಲಿಲ್ಲ. ಇದು ಖುಷಿಯೋ ಹಟವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಎದೆಮೂಳೆ ಮುರಿದವನಿಗೆ ಯಾವ ವೈದ್ಯರೂ ಇದನ್ನು ಹೇಳಿಕೊಡಲಾರರು, ಯಾರೂ ಅನುಕರಿಸಬೇಕಾದ್ದೂ ಅಲ್ಲ. ಆದರೆ ಅವನ ದಿನಚರಿ ಪುಸ್ತಕಗಳನ್ನು ನೋಡಿದರೆ ಬೇರೆಯದೇ ಮನುಷ್ಯ ಕಾಣುತ್ತಾನೆ: 1956ರಿಂದ ಪ್ರತಿ ಓಟದ ದೂರ ಬರೆದಿಟ್ಟ, ನೂರು ದೇಶಗಳಲ್ಲಿ ಸ್ಪರ್ಧೆ ಓಡಬೇಕೆಂದು ಪಟ್ಟಿ ಹಿಡಿದು ಹೊರಟ, ಅದನ್ನು ಮುಗಿಸಿಯೂ ಬಿಟ್ಟ ಅಚ್ಚುಕಟ್ಟಿನ ಲೆಕ್ಕಿಗ. 2017ರ ಜನವರಿಯಲ್ಲಿ ಓಡುತ್ತಿದ್ದಾಗಲೇ ಎದೆನೋವು ಬಂತು. ಆ ಮೈಲಿ ಮುಗಿಸಿ, ಇನ್ನು ಸಾಕು ಎಂದ. 52 ವರ್ಷ 39 ದಿನ, ಒಟ್ಟು 19,032 ದಿನ. 2021ರ ಮೇ ತಿಂಗಳಲ್ಲಿ ತೀರಿಕೊಂಡ.

ಪೀಟರ್ಸ್, ಹಿಲ್ ಅವರದು ಜೀವ ಹಿಂಡುವ ವೇಗ. ಹೊಟ್ಟೆ ಬಂದ ನಲವತ್ತೈದರ ಮ್ಯಾನೇಜರನಿಗೆ ಅದು ಆಗದ ಮಾತು. ಅವನಿಗೊಂದು ದಾರಿ ತೋರಿಸಿದವ ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್. ಬೂಟಿನ ಕಾರ್ಖಾನೆಯಲ್ಲಿ ದುಡಿದು, ಹಾಲು ಹಂಚಿ ಬದುಕಿದ ಈ ತರಬೇತುದಾರನ ಶಿಷ್ಯರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ, ಒಂದು ಕಂಚು ತಂದಿದ್ದರು. ಹೃದಯದ ತೊಂದರೆ ಇದ್ದವರೂ ಸೇರಿದಂತೆ ಆಕ್ಲೆಂಡಿನ ನಡುವಯಸ್ಸಿನವರನ್ನು ಗುಂಪು ಮಾಡಿ, ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಓಡಿ ಎಂದ. ಹಾಗೆ ಶುರುವಾದ ಜಾಗಿಂಗ್ ಗುಂಪಿನ ಜತೆ 1962ರ ಕೊನೆಯಲ್ಲಿ ಅಮೆರಿಕದ ತರಬೇತುದಾರ ಬಿಲ್ ಬವರ್ಮನ್ ಓಡಲು ಹೋಗಿ, ಎಪ್ಪತ್ತು ದಾಟಿದ ಅಜ್ಜನೊಬ್ಬನ ಹಿಂದೆ ಏದುಸಿರು ಬಿಟ್ಟ ಕತೆ ಪ್ರಸಿದ್ಧ. ಊರಿಗೆ ಮರಳಿದವನು ಅದನ್ನೇ ಅಮೆರಿಕಕ್ಕೆ ಹಂಚಿದ, ಪುಸ್ತಕ ಬರೆದ.

ಹೆಂಗಸರ ಪಾಲಿಗೆ ಬಾಗಿಲು ತಡವಾಗಿ ತೆರೆಯಿತು. 1926ರಲ್ಲಿ ವಯಲೆಟ್ ಪಿಯರ್ಸಿ ಪಾಲಿಟೆಕ್ನಿಕ್ ಮ್ಯಾರಥಾನಿನ ದಾರಿಯಲ್ಲಿ ಓಡಿ 3 ಗಂಟೆ 40 ನಿಮಿಷ 22 ಸೆಕೆಂಡ್ ಎಂದು ದಾಖಲಿಸಿದರು. ಆ ದೂರ ಪೂರ್ತಿಯೇ ಎಂಬ ಅನುಮಾನ ಇಂದಿಗೂ ಇದೆ. ಅವರನ್ನೂ ಸ್ಪರ್ಧೆಗೆ ಸೇರಿಸಿಕೊಂಡು ಅಳೆದಿದ್ದರೆ ಈ ಅನುಮಾನಕ್ಕೇ ಜಾಗವಿರುತ್ತಿರಲಿಲ್ಲ. 1964ರಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಸ್ಕಾಟ್ಲೆಂಡಿನ ಡೇಲ್ ಗ್ರೇಗ್ ಓಡಿದಾಗ ಆಯೋಜಕರು ಆಕೆಯನ್ನು ಗಂಡಸರಿಗಿಂತ ನಾಲ್ಕು ನಿಮಿಷ ಮೊದಲೇ ಹೊರಡಿಸಿ, ಹಿಂದೆ ಒಂದು ಆಂಬುಲೆನ್ಸ್ ಕಳಿಸಿದರು. ಆಂಬುಲೆನ್ಸಿಗೆ ಕೆಲಸ ಸಿಗಲಿಲ್ಲ. 3 ಗಂಟೆ 27 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು. 1981ರ ಮಾರ್ಚ್ 29ರಂದು ಮೊದಲ ಲಂಡನ್ ಮ್ಯಾರಥಾನ್ ನಡೆದಾಗ 43 ವರ್ಷದ ಜಾಯ್ಸ್ ಸ್ಮಿತ್ 2 ಗಂಟೆ 29 ನಿಮಿಷ 57 ಸೆಕೆಂಡಿಗೆ ಹೆಂಗಸರ ವಿಭಾಗ ಗೆದ್ದರು. ಪತ್ರಕರ್ತ ಕ್ರಿಸ್ ಬ್ರಾಷರ್ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದು ಹಚ್ಚಿದ ಆ ಹುಚ್ಚಿಗೆ ಅರ್ಜಿ ಹಾಕಿದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಗುರಿ ಮುಟ್ಟಿದವರು 6,255.

ಟ್ಯೂರಿಂಗ್ ದುಡಿದ ಪ್ರಯೋಗಾಲಯದ ಪಕ್ಕದಲ್ಲೇ ಬುಷಿ ಪಾರ್ಕ್ ಇದೆ. 2004ರ ಅಕ್ಟೋಬರ್ 2, ಶನಿವಾರ. ಕೆಲಸ ಕಳೆದುಕೊಂಡು, ಗಾಯದಿಂದ ತಾನೂ ಓಡಲಾರದೆ ಕೂತಿದ್ದ ಪಾಲ್ ಸಿಂಟನ್ ಹೆವಿಟ್ ಅಲ್ಲಿ ಗೆಳೆಯರಿಗಾಗಿ 5 ಕಿಲೋಮೀಟರಿನ ಓಟ ಇಟ್ಟ. ಬಂದವರು 13 ಮಂದಿ. ಗುರಿ ಮುಟ್ಟಿದವರ ಕೈಗೆ ಕೊಡಲು ಹಾರ್ಡ್‌ವೇರ್ ಅಂಗಡಿಯಿಂದ ತಂದ ವಾಷರುಗಳ ಮೇಲೆ ಸಂಖ್ಯೆ ಒತ್ತಿದ್ದ. ಓಟ ಮುಗಿದೊಡನೆ ಎಲ್ಲರ ಕಾಲವನ್ನೂ ಪಟ್ಟಿ ಮಾಡಿದ. ಎರಡನೇ ಜಾಗ 2007ರಲ್ಲಿ ಶುರುವಾಯಿತು, ಅದೂ ವಾಲ್ಟರ್ ರೈನ ಗೆಳೆಯರು ಓಡಿದ ವಿಂಬಲ್ಡನ್ ಕಾಮನ್‌ನಲ್ಲಿ. ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಶನಿವಾರ ಬೆಳಗ್ಗೆ ನಡೆಯುವ ಈ ಓಟಕ್ಕೆ ಶುಲ್ಕವಿಲ್ಲ. ಮೊದಲನೆಯವನಿಂದ ಕೊನೆಯವಳವರೆಗೆ ಎಲ್ಲರ ಹೆಸರೂ ಪಟ್ಟಿಯಲ್ಲಿರುತ್ತದೆ.

ಬೆಂಗಳೂರಿಗೆ ಈ ಗೀಳು ದೊಡ್ಡ ಪ್ರಮಾಣದಲ್ಲಿ ತಗಲಿದ್ದು ಐಟಿ ಕಚೇರಿಗಳ ಕಾಲದಲ್ಲಿ. 2008ರಿಂದ ನಡೆಯುವ ವರ್ಲ್ಡ್ 10ಕೆ, ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನ ಕಾಲುವೆ ಏರಿಯ ಮೇಲಿನ ಕಾವೇರಿ ಟ್ರೇಲ್ ಮ್ಯಾರಥಾನ್, ಎರಡರಲ್ಲೂ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ದುಡಿಯುವವರ ಸಂಖ್ಯೆಯೇ ಎದ್ದು ಕಾಣುತ್ತದೆ. ಲಂಡನ್ನಿನವನು ಸಂಜೆ ಓಡಿದರೆ ನಮ್ಮವನು ಟ್ರಾಫಿಕ್ಕಿಗೆ ಹೆದರಿ ಕೋಳಿ ಕೂಗುವ ಮೊದಲೇ ಏಳುತ್ತಾನೆ. ಬಿಡುವಿನ ಲೆಕ್ಕ ಇಲ್ಲೂ ತಪ್ಪಿದ್ದಲ್ಲ. 2019ರಲ್ಲಿ ರಾಜ್ಯ ಸರಕಾರ ನೌಕರರಿಗೆ ನಾಲ್ಕನೇ ಶನಿವಾರವೂ ರಜೆ ಕೊಟ್ಟಿತು, ಬದಲಿಗೆ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು.

ಆದರೆ ಐಟಿಗೆ ಮೊದಲೂ ಇಲ್ಲಿ ಕಚೇರಿಗಳಿದ್ದವು. ಎಚ್ಎಎಲ್, ಬಿಇಎಲ್, ಐಟಿಐ, ಎಚ್ಎಂಟಿ ಕಾಲೊನಿಗಳ ಮೈದಾನಗಳಲ್ಲಿ, ಬ್ಯಾಂಕು ಮತ್ತು ಸರಕಾರಿ ನೌಕರರ ಕ್ರೀಡಾಕೂಟಗಳಲ್ಲಿ ಓಡಿದವರ ಕತೆ ಬರೆದವರಿಲ್ಲ. ಇಂಗ್ಲೆಂಡಿನ ಗುಮಾಸ್ತರ ಓಟ ಇವತ್ತು ಚರಿತ್ರೆಯಾಗಿ ಉಳಿದಿದ್ದರೆ ಅದಕ್ಕೆ ಕಾರಣ ಅವರ ಕ್ಲಬ್ಬುಗಳ ನಡಾವಳಿ ಪುಸ್ತಕ, ಹಿಲ್‌ನಂಥವರ ದಿನಚರಿ. ನಿಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನದೋ ಅತ್ತೆಯದೋ ಆಫೀಸು ಕ್ರೀಡಾಕೂಟದ ಸರ್ಟಿಫಿಕೇಟು, ಗುಂಪು ಫೋಟೊ, ಸಮಯ ಬರೆದ ನೋಟುಬುಕ್ಕು ಇದ್ದರೆ ಹಳೇ ಪೇಪರಿನವನ ತಕ್ಕಡಿಗೆ ಹಾಕಬೇಡಿ. ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆದು ಎತ್ತಿಡಿ.